ಪ್ರೂಫಯ್ಯ ಓದಿದ ವೇದಪಾಠ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಪ್ರೂಫಯ್ಯ ತಮ್ಮ ಕನ್ನಡಕದ ಮೇಲೆ ತಾವೇ ಕೂತರು.

ಮುಖ ತೊಳೆಯಲು ಹೋಗುವ ಮುಂಚೆ ಅದನ್ನು ಕುರ್ಚಿಯ ಮೇಲಿಟ್ಟಿದ್ದರು. ತೊಳೆದು ಬಂದವರು ಟವೆಲಿನಲ್ಲಿ ಕಿವಿ ಒರೆಸಿಕೊಳ್ಳುತ್ತಾ ಅದೇ ಕುರ್ಚಿಯಲ್ಲಿ ನೆಮ್ಮದಿಯಾಗಿ ಆಸೀನರಾದರು. ಒಣಕಡ್ಡಿ ಮುರಿದಂಥ ಸದ್ದಾಯಿತು. ಮೊದಲು ಅವರು ಕುರ್ಚಿಯನ್ನು ಬೈದರು. ಆಮೇಲೆ ಕೆಳಗೆ ಕೈ ಹಾಕಿ ನೋಡಿ, ಬೈಗುಳ ವಾಪಸ್ಸು ತೆಗೆದುಕೊಂಡರು.

ಒಂದು ಗಾಜು ಐದು ಚೂರಾಗಿತ್ತು. ಇನ್ನೊಂದು ಎಲ್ಲಿ ಹೋಯಿತೋ ಹುಡುಕೋಣವೆಂದರೆ, ಹುಡುಕುವುದಕ್ಕೇ ಕನ್ನಡಕ ಬೇಕಿತ್ತು. ಪ್ರೂಫಯ್ಯನವರಿಗೆ ಕನ್ನಡಕ ತೆಗೆದರೆ ಹತ್ತಿರದ್ದೆಲ್ಲ ಮಂಜು, ದೂರದ್ದೆಲ್ಲ ಹೊಗೆ. ಮೂವತ್ತು ವರ್ಷದಿಂದ ಒಂದೇ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ ತಿದ್ದಿ ಕಣ್ಣು ಹಾಗಾಗಿತ್ತು. ಆ ಹೆಸರು ಬಂದದ್ದೂ ಅಲ್ಲಿಂದಲೇ. ಚರ್ಚಿನಲ್ಲಿ ಹಂಚುವ ಆರಾಧನೆಯ ಹಾಳೆಯಲ್ಲಿ ಒಂದು ಕೊಂಬು ಹೆಚ್ಚಾಗಿದ್ದರೂ ಅವರು ಜೇಬಿನಿಂದ ಕೆಂಪು ಪೆನ್ನು ತೆಗೆಯುತ್ತಿದ್ದರು. ಸಭಾಪಾಲಕರಾದ ಅಯ್ಯನವರು ಆ ಪೆನ್ನಿಗೆ ಹೆದರುವಷ್ಟು ಸೈತಾನನಿಗೂ ಹೆದರುತ್ತಿರಲಿಲ್ಲ.

"ರೀ, ಏನದು ಸದ್ದು?" ಎನ್ನುತ್ತಾ ಹೆಂಡತಿ ಅಡುಗೆಮನೆಯಿಂದ ಬಂದಳು.

"ಏನಿಲ್ಲ. ಕನ್ನಡಕ."

"ಇವತ್ತೇ?"

ಆ 'ಇವತ್ತೇ'ಯಲ್ಲಿ ಎಲ್ಲವೂ ಇತ್ತು. ಆ ಸಂಜೆ ಆರು ಗಂಟೆಯ ಆರಾಧನೆಗೆ ಬಿಷಪ್ಪರು ಬರುವವರಿದ್ದರು. ಅವರ ಮುಂದೆ ಬೈಬಲಿನ ವೇದಪಾಠ ಓದುವ ಸರದಿ ಪ್ರೂಫಯ್ಯನವರದು. ಹನ್ನೊಂದು ವರ್ಷದಿಂದ ಪ್ರತಿ ಹಬ್ಬಕ್ಕೂ, ಪ್ರತಿ ವಿಶೇಷ ಆರಾಧನೆಗೂ ಪೋಸ್ಟ್ ಮಾಸ್ತರರೇ ಓದುತ್ತಿದ್ದರು. ಪೋಸ್ಟ್ ಮಾಸ್ತರರ ಗಂಟಲು ಗುಡುಗಿನಂಥದ್ದು, ಉಚ್ಚಾರ ಹರಿದ ಚೀಲದಂಥದ್ದು. ಅವರು ಒಂದೊಂದು ಹಕಾರ ನುಂಗಿದಾಗಲೂ ಪ್ರೂಫಯ್ಯ ಮೂರನೆಯ ಬೆಂಚಿನಲ್ಲಿ ಕೂತು ಹಲ್ಲುನೋವು ಬಂದವರಂತೆ ಮುಖ ಮಾಡುತ್ತಿದ್ದರು. ಈ ಸಲ ಮಾಸ್ತರರಿಗೆ ಗಂಟಲು ಕಟ್ಟಿ, ಅವಕಾಶ ಇವರ ಕಡೆ ಹೊರಳಿತ್ತು.

"ಅಯ್ಯನವರಿಗೆ ಹೇಳಿಬಿಡಿ. ಬೇರೆ ಯಾರಾದ್ರೂ ಓದ್ತಾರೆ," ಎಂದಳು ಹೆಂಡತಿ.

"ಬೇರೆ ಯಾರಾದ್ರೂ ಅಂದ್ರೆ ಯಾರು? ಆ ಮನುಷ್ಯ ಮೂರು ದಿನದಿಂದ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸ್ತಾ ಹೊಂಚು ಹಾಕ್ಕೊಂಡು ಕೂತಿದಾನೆ."

"ಮತ್ತೇನು ಮಾಡ್ತೀರಿ? ಭಾನುವಾರ ಕನ್ನಡಕದಂಗಡಿ ಬಾಗಿಲು ತೆಗೆಯಲ್ಲ. ಇನ್ನೊಂದು ಜೊತೆ ಮಾಡಿಸಿಟ್ಕೊಳ್ಳಿ ಅಂತ ಮೂರು ವರ್ಷದಿಂದ ಬಡ್ಕೊಳ್ತಿದೀನಿ. ನಾಳೆ ಚಿಂತೆ ನಾಳೆಗೆ ಅಂತ ನನಗೇ ಉಪದೇಶ ಮಾಡಿದ್ರಿ."

"ದೇವರು ಒದಗಿಸ್ತಾನೆ," ಎಂದರು ಪ್ರೂಫಯ್ಯ, ಗಂಭೀರವಾಗಿ, ಗೋಡೆಯ ಕಡೆ ನೋಡಿ.

"ನಾನು ಇಲ್ಲಿದೀನಿ," ಎಂದಳು ಹೆಂಡತಿ ಈಚೆ ಕಡೆಯಿಂದ. "ದೇವರು ಒದಗಿಸಿದ್ದರ ಮೇಲೇ ನೀವು ಕೂತಿದ್ದು."

ಮಾತು ಚುಚ್ಚಿತು. ಆದರೆ ಪ್ರೂಫಯ್ಯ ಒದಗಿಸ್ತಾನೆ ಎಂದದ್ದು ಬಾಯಿಮಾತಿಗಲ್ಲ. ಅವರು ಓದಬೇಕಾಗಿದ್ದ ಭಾಗವೇ ಅಂಥದ್ದು. ಆಕಾಶದಲ್ಲಿ ಹಾರುವ ಹಕ್ಕಿಗಳನ್ನೂ ಹೊಲದಲ್ಲಿ ಅರಳುವ ಹೂಗಳನ್ನೂ ತೋರಿಸಿ, ಊಟಬಟ್ಟೆಗಾಗಿ ಚಿಂತೆ ಮಾಡಬೇಡಿ, ನಿಮಗೆ ಏನು ಬೇಕೆಂಬುದು ಮೇಲಿನ ತಂದೆಗೆ ಗೊತ್ತು ಎಂದು ಪ್ರಭು ಹೇಳುವ ಭಾಗ. ಸಂಜೆ ಅದನ್ನೇ ಓದುವವನು ಬೆಳಿಗ್ಗೆ ಕನ್ನಡಕಕ್ಕಾಗಿ ಚಿಂತೆ ಮಾಡಿದರೆ ಹೇಗೆ? ಪ್ರೂಫಯ್ಯ ಮಂಚದ ಪಕ್ಕ ಮೊಣಕಾಲೂರಿ, ತಮಗೆ ಬೇಕಾದದ್ದನ್ನು ಚುಟುಕಾಗಿ ಅರಿಕೆ ಮಾಡಿಕೊಂಡರು. ಎದ್ದು, ಉತ್ತರಕ್ಕಾಗಿ ಬಾಗಿಲ ಕಡೆ ನೋಡಿದರು.

ಬಾಗಿಲು ಬಡಿದ ಸದ್ದು ಆ ಕ್ಷಣವೇ ಕೇಳಿಸಿತು.

ಬಂದವರು ಕೆಳಗಿನ ಮನೆಯ ಹೆಡ್ ಮಿಸ್. ಶಾಲೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಇಡೀ ಕಟ್ಟಡವೇ ಅವರಿಗೆ ಒಂದು ತರಗತಿ. ಚರ್ಚಿನ ಮಹಿಳಾ ಸಂಘದ ಕಾರ್ಯದರ್ಶಿಯೂ ಅವರೇ. ಅವರ ಬೆನ್ನಿಗೆ ಮೇಲಿನ ಮನೆಯ ಎಲೆಕ್ಟ್ರಿಷಿಯನ್, ಕೈಯಲ್ಲಿ ಅಂಟಿನ ಟ್ಯೂಬು ಹಿಡಿದು. ಆ ಕಟ್ಟಡದಲ್ಲಿ ಗೋಡೆಗಳಿದ್ದದ್ದು ಮೊಳೆ ಹೊಡೆಯುವುದಕ್ಕೆ ಮಾತ್ರ. ಮಾತನ್ನು ತಡೆಯುವುದು ಅವುಗಳ ಕೈಲಾಗುತ್ತಿರಲಿಲ್ಲ.

"ಎಲ್ಲಾ ಕೇಳಿಸ್ತು," ಎಂದರು ಹೆಡ್ ಮಿಸ್. "ತಗೊಳ್ಳಿ, ನನ್ನದು ಹಾಕ್ಕೊಂಡು ನೋಡಿ."

ಹೆಡ್ ಮಿಸ್ಸಿನ ಕನ್ನಡಕ ಎರಡು ಕೊನೆಯಲ್ಲೂ ರೆಕ್ಕೆ ಬಿಚ್ಚಿಕೊಂಡಿತ್ತು. ಕುತ್ತಿಗೆಗೆ ಇಳಿಬಿಡಲು ಮಣಿಸರ ಬೇರೆ. ಪ್ರೂಫಯ್ಯ ಅದನ್ನೇರಿಸಿಕೊಂಡು ಮೂರು ಹೆಜ್ಜೆ ಇಟ್ಟರು. ಮೊದಲನೆಯ ಹೆಜ್ಜೆಗೆ ನೆಲ ಮೊಣಕಾಲಿನವರೆಗೆ ಬಂತು. ಎರಡನೆಯದಕ್ಕೆ ಪಾತಾಳಕ್ಕಿಳಿಯಿತು. ಮೂರನೆಯ ಹೆಜ್ಜೆಗೆ ಬೀರುವಿಗೆ ಡಿಕ್ಕಿ ಹೊಡೆದು, "ಕ್ಷಮಿಸಿ, ನೋಡಲಿಲ್ಲ," ಎಂದು ಬೀರುವಿಗೆ ಹೇಳಿದರು.

"ಕೊಡಿ ಸಾರ್ ಇಲ್ಲಿ ನಿಮ್ಮದನ್ನೇ," ಎಂದ ಎಲೆಕ್ಟ್ರಿಷಿಯನ್, ಮುರಿದ ಫ್ರೇಮನ್ನು ಕೈಗೆತ್ತಿಕೊಂಡು. "ಈ ಅಂಟು ವಿಮಾನಕ್ಕೆ ಹಾಕ್ತಾರೆ. ಒಂದ್ನಿಮಿಷ ಇಲ್ಲಿ ಹೆಬ್ಬೆರಳು ಒತ್ತಿ ಹಿಡ್ಕೊಳ್ಳಿ."

ಪ್ರೂಫಯ್ಯ ಹಿಡಿದುಕೊಂಡರು. ಅಂಟು ನಿಜಕ್ಕೂ ವಿಮಾನದ್ದೇ ಇರಬೇಕು. ಫ್ರೇಮಿನ ಎರಡು ತುಂಡು ಸೇರಲಿಲ್ಲ. ಪ್ರೂಫಯ್ಯನವರ ಹೆಬ್ಬೆರಳು ಮಾತ್ರ ಒಂದು ತುಂಡಿಗೆ ಭದ್ರವಾಗಿ ಸೇರಿತು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಬಿಡಿಸಬೇಕಾಯಿತು. "ಅಂಟು ಒಳ್ಳೇದೇ ಸಾರ್, ಬೆರಳು ಅಡ್ಡ ಬಂತು," ಎಂದು ಹೇಳಿ ಅವನು ಚರ್ಚಿಗೆ ಹೊರಟ. ಬಿಷಪ್ಪರ ಗೌರವಕ್ಕೆ ಅಲ್ಲಿ ಹೊಸದಾಗಿ ಹದಿನಾರು ದೊಡ್ಡ ದೀಪ ಜೋಡಿಸುವ ಸೇವೆಯನ್ನು ಅವನೇ ವಹಿಸಿಕೊಂಡಿದ್ದ.

ಹೆಡ್ ಮಿಸ್ ಬೀರುವಿನ ಹತ್ತಿರ ನಿಂತು ಏನೋ ಯೋಚಿಸಿದರು. ಆಮೇಲೆ ಛತ್ರಿ ಕಂಕುಳಲ್ಲಿ ಒತ್ತಿಕೊಂಡು, "ನೀವು ಏನೂ ಮಾಡೋಕೆ ಹೋಗಬೇಡಿ. ನಂಬಿಕೆ ಇಟ್ಟು ಸುಮ್ನೆ ಕೂತ್ಕೊಳ್ಳಿ, ಸಾಕು," ಎಂದು ತಾಕೀತು ಮಾಡಿ ಮೆಟ್ಟಿಲಿಳಿದರು.

ಪ್ರೂಫಯ್ಯ ನಂಬಿಕೆ ಇಟ್ಟು ಸುಮ್ಮನೆ ಕೂತರು. ಒಂಬತ್ತಾಯಿತು, ಹತ್ತಾಯಿತು. ಹಕ್ಕಿಗಳಿಗೆ ಗಡಿಯಾರವಿಲ್ಲ, ಅವು ಹೇಗೋ ಸಂಭಾಳಿಸುತ್ತವೆ. ಪ್ರೂಫಯ್ಯನವರ ಗೋಡೆಯ ಮೇಲೆ ಗಡಿಯಾರವಿತ್ತು, ಗಂಟೆ ಬೇರೆ ಹೊಡೆಯುತ್ತಿತ್ತು. ಹನ್ನೊಂದು ಹೊಡೆದ ಮೇಲೆ ಅವರ ನಂಬಿಕೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿತು. ಹನ್ನೊಂದೂವರೆಗೆ ಅದು ಕೂತೇ ಬಿಟ್ಟಿತು.

"ಏನೇ, ಆ ಭಾಗ ಎಷ್ಟು ಉದ್ದ ಇದೆ?"

ಹೆಂಡತಿ ಸತ್ಯವೇದ ತೆಗೆದು ಬೆರಳಿಟ್ಟು ಎಣಿಸಿದಳು. "ಹತ್ತು ವಾಕ್ಯ."

"ನೀನು ಓದ್ತಾ ಹೋಗು. ನಾನು ಬಾಯಿಪಾಠ ಮಾಡ್ತೀನಿ."

"ಮಾಡಿ, ಬೇಡ ಅಂದೋರ್ಯಾರು?"

"ಅಲ್ಲ... ಪುಸ್ತಕ ನೋಡಿ ಓದೋ ಹಾಗೆ ನಿಂತ್ಕೊಂಡು ಬಾಯಿಪಾಠ ಒಪ್ಪಿಸೋದು ಮೋಸ ಆಗಲ್ವಾ?"

"ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ರೆ ಬಹುಮಾನ ಕೊಡ್ತಾರೆ. ನಿಮಗೆ ವಯಸ್ಸಾಯ್ತು ಅಂತ ಅದು ಮೋಸ ಆಗ್ಬಿಡುತ್ತಾ?"

ಆಕೆ ಸಂಜೆಯ ಬಟ್ಟೆಗೆ ಇಸ್ತ್ರಿ ಮಾಡುತ್ತಾ ಓದಿದಳು. ಇವರು ಕೋಣೆಯ ಉದ್ದಕ್ಕೂ ಓಡಾಡುತ್ತಾ ಹೇಳಿದರು. ಮಧ್ಯಾಹ್ನ ಎರಡು ಗಂಟೆಯವರೆಗೆ ಇವರ ಹಕ್ಕಿಗಳು ನೂಲುತ್ತಿದ್ದವು, ಹೂಗಳು ಕಣಜ ತುಂಬುತ್ತಿದ್ದವು. ಮೂರಕ್ಕೆ ಹಕ್ಕಿ ಆಕಾಶಕ್ಕೂ ಹೂವು ಹೊಲಕ್ಕೂ ಮರಳಿದವು. ಆದರೆ ಒಂದು ತೊಡಕು ಉಳಿಯಿತು. ಕಣ್ಣು ತೆರೆದಿದ್ದರೆ ಮಂಜು ಕಂಡು ಮಾತು ಮರೆತುಹೋಗುತ್ತಿತ್ತು. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರೆ ಮಾತ್ರ ಹತ್ತೂ ವಾಕ್ಯ ಸಾಲಾಗಿ ಬರುತ್ತಿದ್ದವು.

"ತಲೆ ತಗ್ಗಿಸ್ಕೊಂಡು ಕಣ್ಣು ಮುಚ್ಚಿ. ಪುಸ್ತಕ ನೋಡ್ತಿದೀರಿ ಅಂದ್ಕೋತಾರೆ," ಎಂದಳು ಹೆಂಡತಿ. ಮೂವತ್ತು ವರ್ಷದ ಸಂಸಾರದಲ್ಲಿ ಆಕೆಯ ಉಪಾಯ ಒಂದೂ ಕೆಟ್ಟಿರಲಿಲ್ಲ.

ಆರು ಗಂಟೆಗೆ ಚರ್ಚು ತುಂಬಿ ಬಾಗಿಲಾಚೆ ಚೆಲ್ಲಿತ್ತು. ಹೊರಗೆ ಮೋಡ ಕವಿದು ಹೊತ್ತಿಗೆ ಮುಂಚೆಯೇ ಕತ್ತಲಾಗಿದ್ದರೂ, ಒಳಗೆ ಹದಿನಾರು ದೀಪ ಮದುವೆ ಮನೆಯಲ್ಲಿರುವಂತೆ ಉರಿಯುತ್ತಿದ್ದವು. ಪ್ರೂಫಯ್ಯ ಹೆಂಡತಿಯ ಮೊಣಕೈ ಹಿಡಿದು ಮೂರನೆಯ ಬೆಂಚು ಸೇರಿದರು. ಎದುರಿಗೆ ಎತ್ತರದ ಬಿಳೀ ಮಂಜೊಂದು ಕೂತಿತ್ತು, ಅದು ಬಿಷಪ್ಪರು. ಅದರ ಪಕ್ಕದ ಗಿಡ್ಡ ಬಿಳೀ ಮಂಜು ಅಯ್ಯನವರು. ಹಿಂದಿನ ಬೆಂಚಿನಿಂದ ಪೋಸ್ಟ್ ಮಾಸ್ತರರು ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಗಂಟಲು ಪೂರ್ತಿ ವಾಸಿಯಾಗಿತ್ತು.

ಹೆಸರು ಕರೆದರು. ವೇದಿಕೆಗೆ ಮೂರು ಮೆಟ್ಟಿಲು ಎಂಬ ಲೆಕ್ಕ ಪ್ರೂಫಯ್ಯನವರಿಗೆ ನೆನಪಿತ್ತು. ಆ ದಿನ ಹೂಕುಂಡ ಇಟ್ಟಿರುವ ಲೆಕ್ಕ ಗೊತ್ತಿರಲಿಲ್ಲ. ಕುಂಡ ಉರುಳಿತು. ಬಿದ್ದದ್ದನ್ನು ಎತ್ತುವುದಕ್ಕೆ ಬಗ್ಗಿ ಅಯ್ಯನವರ ಕಾಲು ಹಿಡಿದರು. ಅಯ್ಯನವರು, "ಇರಲಿ, ಇರಲಿ," ಎಂದು ಪಿಸುಗುಟ್ಟಿ, ಭುಜ ಹಿಡಿದು ತಿರುಗಿಸಿ, ಓದುವ ಪೀಠದ ಮುಂದೆ ನಿಲ್ಲಿಸಿದರು.

ಪ್ರೂಫಯ್ಯ ಎರಡು ಕೈಯಲ್ಲೂ ಪೀಠ ಹಿಡಿದು, ತಲೆ ತಗ್ಗಿಸಿ, ಕಣ್ಣು ಮುಚ್ಚಿ ಶುರು ಮಾಡಿದರು.

ಮಾತು ನೀರು ಹರಿದಂತೆ ಬಂತು. ಒಂದು ಹಕಾರ ಜಾರಲಿಲ್ಲ, ಒಂದು ದೀರ್ಘ ಕುಗ್ಗಲಿಲ್ಲ. ಅವರ ಸಣ್ಣ ಧ್ವನಿಗೂ ಅಂದು ಒಂದು ತೂಕ ಬಂದಿತ್ತು. ನಾಲ್ಕನೆಯ ವಾಕ್ಯದ ಹೊತ್ತಿಗೆ ಎಲ್ಲೋ 'ಟಪ್' ಎಂದಿತು. ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ತಮ್ಮ ಉಚ್ಚಾರಕ್ಕೆ ಮೆಚ್ಚಿದರೆಂದುಕೊಂಡು ಪ್ರೂಫಯ್ಯ ಇನ್ನಷ್ಟು ಸ್ಪಷ್ಟವಾಗಿ ಮುಂದುವರಿಸಿದರು. ಹಕ್ಕಿಗಳು ಮುಗಿದು ಹೂಗಳು ಬಂದವು. ಆಮೇಲೆ ಅವರಿಗೆ ಉಚ್ಚಾರದ ಚಿಂತೆಯೂ ಮರೆತುಹೋಯಿತು. ಬೆಳಿಗ್ಗೆಯಿಂದ ನೂರು ಸಲ ಹೇಳಿದ್ದ ಮಾತು ಆಗ ಮೊದಲ ಸಲ ಕಿವಿಗೆ ಬಿದ್ದಂತಾಗಿ, ಚಿಂತೆ ಮಾಡಬೇಡಿ ಎಂಬುದನ್ನು ಅವರು ತಮಗೇ ಹೇಳಿಕೊಂಡರು. ಕೊನೆಯ ವಾಕ್ಯ ಮುಗಿಸಿ, "ಇಲ್ಲಿಗೆ ವೇದಪಾಠ ಮುಗಿಯಿತು," ಎಂದು ಕಣ್ಣು ತೆರೆದರು.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಫ್ಯೂಸು ಕಟ್ಟಿದ್ದ. ಹದಿನಾರು ದೀಪಗಳು ಮತ್ತೆ ಹತ್ತಿಕೊಂಡವು.

ಬೆಂಚು ಬೆಂಚಿನಲ್ಲೂ ಪಿಸುಮಾತು ಎದ್ದಿತು. ಯಾಕೆಂದು ಪ್ರೂಫಯ್ಯನವರಿಗೆ ತಿಳಿಯಲಿಲ್ಲ. ಅವರು ಓದಿದ ಹತ್ತರಲ್ಲಿ ಏಳು ವಾಕ್ಯವನ್ನು ಕಡುಗತ್ತಲಲ್ಲಿ ಓದಿದ್ದರೆಂಬುದು ಅವರೊಬ್ಬರನ್ನು ಬಿಟ್ಟು ಉಳಿದ ಮುನ್ನೂರು ಜನಕ್ಕೂ ಗೊತ್ತಿತ್ತು.

"ಕನ್ನಡಕ ಎಲ್ಲಿ?" ಎಂದು ಯಾರೋ ಕೇಳಿದರು. "ಕನ್ನಡಕ ಇಲ್ಲ!" ಎಂದು ಇನ್ಯಾರೋ ಕೂಗಿದರು. ಹೆಡ್ ಮಿಸ್ ಎದ್ದು ನಿಂತರು.

"ನಾನು ಸಾಕ್ಷಿ!" ಎಂದರು ಅವರು, ಹಾಜರಿ ಕರೆಯುವ ಧ್ವನಿಯಲ್ಲಿ. "ಬೆಳಿಗ್ಗೆ ಈ ಮನುಷ್ಯ ಬೀರುನ ಹತ್ರ ಕ್ಷಮೆ ಕೇಳಿದ್ದನ್ನ ಕಣ್ಣಾರೆ ಕಂಡಿದೀನಿ. ಕನ್ನಡಕ ಪುಡಿಪುಡಿಯಾಗಿತ್ತು. ದೇವರು ಒದಗಿಸ್ತಾನೆ ಅಂದ್ರು. ಒದಗಿಸಿದ! ಗಾಜಲ್ಲ, ಕಣ್ಣನ್ನೇ ಒದಗಿಸಿದ!"

ಸ್ತೋತ್ರದ ಕೂಗು ಚಾವಣಿ ಮುಟ್ಟಿತು. ಮೂಲೆಯಲ್ಲಿ ಯಾರೋ ಅಳತೊಡಗಿದರು. ಬಿಷಪ್ಪರು ಎದ್ದು ಬಂದು, "ದೀಪವೆಲ್ಲ ಆರಿದರೂ ಓದು ನಿಲ್ಲಲಿಲ್ಲ!" ಎಂದು ಪ್ರೂಫಯ್ಯನವರ ಎರಡೂ ಕೈ ಹಿಡಿದುಕೊಂಡರು. ಆಗ ಪ್ರೂಫಯ್ಯನವರಿಗೆ ಎಲ್ಲವೂ ಅರ್ಥವಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಒಂದು ಅಕ್ಷರ ತಪ್ಪಿದರೂ ತಿದ್ದದೆ ಬಿಟ್ಟವರಲ್ಲ. ಇಷ್ಟು ದೊಡ್ಡ ತಪ್ಪನ್ನು ಬಿಡುವುದು ಹೇಗೆ?

"ಸ್ವಾಮಿ, ನಾನು ಓದಲೇ ಇಲ್ಲ," ಎಂದರು ಗಟ್ಟಿಯಾಗಿ.

ಬಿಷಪ್ಪರು ಸಭೆಯ ಕಡೆ ತಿರುಗಿದರು. "ಕೇಳಿದಿರಾ? 'ನಾನು ಓದಲಿಲ್ಲ' ಎನ್ನುತ್ತಾರೆ! ಇವರ ಮೂಲಕ ಓದಿದವನು ಯಾರೆಂದು ಇವರಿಗೆ ಗೊತ್ತು!"

"ಅಲ್ಲ ಸ್ವಾಮಿ, ನನಗೆ ಏನೂ ಕಾಣಿಸ್ತಿರಲಿಲ್ಲ..."

"ಏನೂ ಕಾಣಿಸದಿದ್ದರೂ ಓದಿದರಂತೆ!"

"ನಾನು ಕಣ್ಣು ಮುಚ್ಕೊಂಡಿದ್ದೆ!"

"ಕಣ್ಣು ಮುಚ್ಚಿಕೊಂಡು!" ಎಂದು ಮುನ್ನೂರು ಜನ ಒಟ್ಟಿಗೆ ಉದ್ಗರಿಸಿದರು. ಪೋಸ್ಟ್ ಮಾಸ್ತರರು ಕೂಡ ಕೈ ಎತ್ತಿಬಿಟ್ಟರು. ಇನ್ನೊಂದು ಮಾತಾಡಿದರೆ ತಮ್ಮನ್ನು ಸಂತನನ್ನಾಗಿ ಮಾಡಿಬಿಡುತ್ತಾರೆಂದು ಹೆದರಿ ಪ್ರೂಫಯ್ಯ ಬಾಯಿ ಮುಚ್ಚಿದರು.

ಕಡೆಯ ಆಶೀರ್ವಾದದ ನಂತರ ಹೆಡ್ ಮಿಸ್ ಮತ್ತೆ ವೇದಿಕೆಗೆ ಬಂದರು. ಕೈಯಲ್ಲಿ ರಿಬ್ಬನ್ ಕಟ್ಟಿದ ಒಂದು ಸಣ್ಣ ಪೆಟ್ಟಿಗೆ.

"ಇನ್ನೊಂದು ವಿಷಯ," ಎಂದರು. "ನಮ್ಮ ನಂಬಿಕೆ ಎಷ್ಟು ಚಿಕ್ಕದು ನೋಡಿ. ಬೆಳಿಗ್ಗೆ ಇವರ ಕಷ್ಟ ನೋಡಿ ನಾನು ನೇರ ನಮ್ಮ ಸಭೆಯ ಕನ್ನಡಕದಂಗಡಿಯವರ ಮನೆಗೆ ಹೋದೆ. ಇಪ್ಪತ್ತು ವರ್ಷದಲ್ಲಿ ಒಂದು ಭಾನುವಾರವೂ ಅಂಗಡಿ ತೆಗೆಯದ ಮನುಷ್ಯ, ಇವರಿಗೋಸ್ಕರ ಹಿಂಬಾಗಿಲಿಂದ ಹೋಗಿ, ಇವರ ಹಳೇ ಚೀಟಿ ಹುಡುಕಿ, ಅದೇ ನಂಬರಿಗೆ ಹೊಸ ಕನ್ನಡಕ ಮಾಡಿ ಐದೂವರೆಗೆ ತಂದುಕೊಟ್ಟರು. ಆರಾಧನೆ ಮುಗಿದ ಮೇಲೆ ಆಶ್ಚರ್ಯಪಡಿಸೋಣ ಅಂತಿದ್ದೆ. ಓದೋಕೆ ಮುಂಚೆಯೇ ಕೊಡಬೇಕಿತ್ತು ಅಂತ ಕೂತ ಮೇಲೆ ಹೊಳೀತು, ಅಷ್ಟರಲ್ಲಿ ಹೆಸರು ಕರೆದ್ರು."

ಪ್ರೂಫಯ್ಯನವರ ಕೈ ತಾನಾಗಿಯೇ ಮುಂದೆ ಚಾಚಿತು.

"ಈಗ ಇವರಿಗೆ ಇದರ ಅಗತ್ಯವೇ ಇಲ್ಲ!" ಎಂದು ಹೆಡ್ ಮಿಸ್ ಪೆಟ್ಟಿಗೆಯನ್ನು ಆ ಕೈಯ ಮೇಲಿಂದ ದಾಟಿಸಿ ಬಿಷಪ್ಪರಿಗೆ ಕೊಟ್ಟರು.

ಬಿಷಪ್ಪರು ಅದನ್ನು ತೆರೆದು ಎತ್ತಿ ಹಿಡಿದರು. "ಬೇಡವಾದ ಈ ಕನ್ನಡಕ ನನ್ನ ಜೊತೆ ಊರೂರಿಗೆ ಬರಲಿ. ಪ್ರತಿ ಸಭೆಯಲ್ಲೂ ತೋರಿಸಿ ಈ ಸಾಕ್ಷಿ ಹೇಳುತ್ತೇನೆ."

ಪ್ರೂಫಯ್ಯ ಆಗ ಗಟ್ಟಿ ಮನಸ್ಸು ಮಾಡಿದರು. ಜನರ ಮುಂದೆ ಹೇಳಿದರೆ ತಾನೇ ತಪ್ಪು ತಿಳಿಯುವುದು? ಬಿಷಪ್ಪರೊಬ್ಬರೇ ಇರುವಾಗ ಹೇಳಿದರಾಯಿತು. ಜನ ಕೈಕುಲುಕಿ, ತಬ್ಬಿ, ಬೆನ್ನು ತಟ್ಟಿ ಬಿಡುವಷ್ಟರಲ್ಲಿ ಕಾಲು ಗಂಟೆ ಕಳೆಯಿತು. ಗೋಡೆ ತಡವುತ್ತಾ ಹೋಗಿ ಅವರು ಅಯ್ಯನವರು ಉಡುಪು ಬದಲಿಸುವ ಪಕ್ಕದ ಕೋಣೆ ಸೇರಿದರು. ಕಿಟಕಿಯ ಹತ್ತಿರ ಎತ್ತರದ ಬಿಳೀ ಮಂಜು ಒಂಟಿಯಾಗಿ ನಿಂತಿತ್ತು.

"ಸ್ವಾಮಿ, ಕ್ಷಮಿಸಬೇಕು," ಎಂದು ಶುರು ಮಾಡಿದರು. ಎಲ್ಲವನ್ನೂ ಹೇಳಿದರು. ಕುರ್ಚಿಯ ಮೇಲೆ ಕೂತದ್ದು, ಬಾಯಿಪಾಠ ಮಾಡಿದ್ದು, ದೀಪ ಹೋದದ್ದೇ ತಿಳಿಯದಿದ್ದದ್ದು. "ದೇವರು ಒದಗಿಸ್ತಾನೆ ಅಂತ ಬಾಯಲ್ಲಿ ಹೇಳಿ, ಹನ್ನೊಂದೂವರೆ ದಾಟಿ ಕಾಯೋ ತಾಳ್ಮೆ ನನಗಿರಲಿಲ್ಲ ಸ್ವಾಮಿ. ಸುಮ್ನೆ ಇದ್ದಿದ್ರೆ ಐದೂವರೆಗೆ ಬಂದಿರೋದು. ನನಗೆ ಆ ಓದೋ ಆಸೆ ಜಾಸ್ತಿಯಾಯ್ತು. ಪೋಸ್ಟ್ ಮಾಸ್ತರ್ ಮೇಲೆ ಹೊಟ್ಟೆಕಿಚ್ಚೂ ಇತ್ತು." ಹೇಳುತ್ತಾ ಹೇಳುತ್ತಾ ಅವರ ಎದೆ ಹಗುರಾಯಿತು. ಬಿಷಪ್ಪರು ಒಂದು ಮಾತೂ ಆಡದೆ ಕೇಳಿಸಿಕೊಳ್ಳುತ್ತಿದ್ದ ರೀತಿ ಅವರಿಗೆ ಬಹಳ ಹಿಡಿಸಿತು. "ಆದ್ದರಿಂದ, ದಯವಿಟ್ಟು, ಆ ಕನ್ನಡಕ..."

"ರೀ," ಎಂದಳು ಹೆಂಡತಿ ಬಾಗಿಲಿನಿಂದ. "ಯಾರ ಹತ್ರ ಮಾತಾಡ್ತಿದೀರಿ? ಅದು ಗಾಯನ ತಂಡದವರು ಗೂಟಕ್ಕೆ ನೇತುಹಾಕಿರೋ ನಿಲುವಂಗಿ."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಎಂಜಿನ್ ಗುರುಗುಟ್ಟಿತು. ಪ್ರೂಫಯ್ಯ ಅಂಗಳಕ್ಕೆ ಬರುವಷ್ಟರಲ್ಲಿ ಎರಡು ಕೆಂಪು ಚುಕ್ಕೆಗಳು ಮಂಜಿನಲ್ಲಿ ಕರಗುತ್ತಿದ್ದವು.

ಗೇಟಿನ ಹತ್ತಿರ ಕನ್ನಡಕದಂಗಡಿಯವರ ಧ್ವನಿ ಕೇಳಿಸಿತು. ಪ್ರೂಫಯ್ಯ ಆ ಧ್ವನಿಯ ತೋಳು ಹಿಡಿದು ಪಕ್ಕಕ್ಕೆಳೆದರು.

"ಅಣ್ಣಾ, ನನಗೆ ಗುಟ್ಟಾಗಿ ಇನ್ನೊಂದು ಜೊತೆ ಮಾಡಿಕೊಡಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿಗೆ ಹೋಗಬೇಕು."

ಅಂಗಡಿಯವರು ಬೆಚ್ಚಿ ಹಿಂದೆ ಸರಿದರು. "ಏನು ಮಾತು ಅಂತ ಆಡ್ತೀರಿ? ನನ್ನ ವಿಶ್ವಾಸ ಪರೀಕ್ಷೆ ಮಾಡ್ತಿದೀರಾ? ದೇವರು ಸರಿಮಾಡಿದ ಕಣ್ಣಿನ ಮುಂದೆ ಗಾಜಿಟ್ಟ ಪಾಪ ನನಗೆ ಬೇಡಪ್ಪಾ. ನಿಮ್ಮ ನಂಬರಿನ ಚೀಟೀನೂ ಬಿಷಪ್ಪರೇ ಸಾಕ್ಷಿಗೆ ಅಂತ ತಗೊಂಡು ಹೋದ್ರು." ಆಮೇಲೆ ಧ್ವನಿ ತಗ್ಗಿಸಿ, ಸ್ವಲ್ಪ ನೊಂದುಕೊಂಡು ಹೇಳಿದರು: "ನೀವು ಓದಿ ಇಳಿದ ಮೇಲೆ ನನ್ನ ಗಿರಾಕಿ ಆರು ಜನ ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಂಡಿದಾರೆ. ಒಬ್ಬರು ಆಗಲೇ ಕಂಬಕ್ಕೆ ಗುದ್ದಿದ್ರು."

ಅಷ್ಟರಲ್ಲಿ ಮುದ್ರಣಾಲಯದ ಯಜಮಾನರು ಬಂದು ಪ್ರೂಫಯ್ಯನವರ ಹೆಗಲ ಮೇಲೆ ಕೈ ಹಾಕಿದರು. "ಭಲೇ! ಔಷಧಿ ಡಬ್ಬಿಯೊಳಗೆ ಇಡ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ ಚೀಟಿ, ಅದರ ಪ್ರೂಫು ನೋಡೋಕೆ ಯಾರೂ ಒಪ್ತಿರಲಿಲ್ಲ. ಇನ್ನು ಆ ಕೆಲಸ ಪೂರ್ತಿ ನಿಮಗೇ."

ಹೆಂಡತಿ ಬಂದು ಪ್ರೂಫಯ್ಯನವರ ಕೈಯನ್ನು ತನ್ನ ಕೈಯೊಳಗೆ ಭದ್ರವಾಗಿ ಸೇರಿಸಿಕೊಂಡಳು. ಇಬ್ಬರೂ ಗೇಟು ದಾಟಿ, ಮೆಲ್ಲಗೆ, ಒಂದೊಂದೇ ಹೆಜ್ಜೆ ಇಡುತ್ತಾ ಮನೆಯ ದಾರಿ ಹಿಡಿದರು.

ಹಿಂದೆ ಮಹಿಳಾ ಸಂಘದವರು ಗುಂಪಾಗಿ ನಿಂತು ನೋಡುತ್ತಿದ್ದರು.

"ನೋಡ್ರೇ," ಎಂದರು ಹೆಡ್ ಮಿಸ್, ಕಣ್ಣೊರೆಸಿಕೊಂಡು. "ಈ ವಯಸ್ಸಲ್ಲೂ ಹೆಂಡತಿ ಕೈ ಹಿಡ್ಕೊಂಡು ನಡೀತಾರೆ. ಎಂಥ ಪ್ರೀತಿ!"

"ಎಡಕ್ಕೆ ಬನ್ನಿ," ಎಂದಳು ಹೆಂಡತಿ ಪಿಸುಮಾತಿನಲ್ಲಿ. "ಬಲಗಡೆ ಚರಂಡಿ."